ಸಹಾಯ ಬೇಕು: ಮೆಲ್ಬರ್ನ್‌ನಲ್ಲಿ ಇರುವವರು ದಯವಿಟ್ಟು ನೋಡಿ

ಎಲ್ಲರಿಗೂ ನಮಸ್ಕಾರ. 1865ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ 'ಆಸ್ಟ್ರೇಲಿಯನ್ ಜರ್ನಲ್' ಪತ್ರಿಕೆಯ ಹಳೇ ಸಂಚಿಕೆಗಳನ್ನು ಹುಡುಕುತ್ತಿದ್ದೇನೆ. ನನಗೆ ಬೇಕಿರುವುದು ಮೇರಿ ಫಾರ್ಚೂನ್ ಅವರ ಬರಹ. ಚಿನ್ನದ ಆಸೆಗೆ ಊರಿಗೆ ಊರೇ ಗಣಿ ಕಡೆ ಓಡುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದವರು. 'ಡಬ್ಲ್ಯೂ. ಡಬ್ಲ್ಯೂ.' ಅಂತ ಬರೀ ಎರಡಕ್ಷರ ಹಾಕಿ, 1868ರಿಂದ ಸುಮಾರು 40 ವರ್ಷ ಪತ್ತೇದಾರಿ ಕಥೆ ಬರೆದರು. ಅಷ್ಟು ಬರೆದರೂ ಬದುಕಿದ್ದಾಗ ಪುಸ್ತಕವಾಗಿ ಬಂದದ್ದು ಒಂದೇ, 1871ರಲ್ಲಿ. ಅನ್ಯಾಯ ಅಲ್ವಾ?

ಕಥೆಗಳು ಹೇಗೋ ಒಂದಷ್ಟು ಸಿಗುತ್ತವೆ. ಅದೇ ಪತ್ರಿಕೆಯಲ್ಲಿ ಬಂದ ಅವರ ಕವಿತೆಗಳು ನನಗೆ ಸಿಕ್ಕಿಲ್ಲ. ಅಲ್ಲಿನ ಸ್ಟೇಟ್ ಲೈಬ್ರರಿಗೆ ಹೋಗುವವರು ಯಾರಾದರೂ ಇದ್ದರೆ, ಮೊದಲ ಸಂಪುಟಗಳು ನೋಡಲು ಸಿಗುತ್ತವಾ ಅಂತ ಒಮ್ಮೆ ವಿಚಾರಿಸಿ ಹೇಳ್ತೀರಾ? ಕವಿತೆಯ ಪುಟದ್ದು ಒಂದು ಫೋಟೊ ಸಿಕ್ಕರೂ ತುಂಬಾ ಉಪಕಾರ.