ಎರೆ ಹೊಲದಲ್ಲಿ ಅನಿಲ ಕೊಳವೆ ಮಾರ್ಗ: ಮೇಲ್ಮಣ್ಣು ಮತ್ತು ಒಡ್ಡು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನವಲಗುಂದ ತಾಲ್ಲೂಕಿನ ರೈತ

ಬೆಣ್ಣಿಹಳ್ಳದ ಕಡೆಗೆ ಇಳಿಜಾರಾಗಿರುವ ನಮ್ಮ ಎರೆ (ಕರಿ ಮಣ್ಣಿನ) ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಇಲ್ಲವೇ ಬಿಳಿಜೋಳ ಬೆಳೆಯುತ್ತೇವೆ. ಹೊಲದ ನಡುವೆಯೇ ನೈಸರ್ಗಿಕ ಅನಿಲದ ಕೊಳವೆ ಹಾಯುವುದೆಂದು ನೋಟಿಸು ಬಂದಿದೆ. ಊರಿನಲ್ಲಿ ಎಲ್ಲರೂ ಪರಿಹಾರದ ಮಾತನ್ನೇ ಆಡುತ್ತಿದ್ದಾರೆ. ನನ್ನ ಚಿಂತೆ ಬೇರೆ. ತಂದೆಯವರು ಹಾಕಿಸಿದ ಒಡ್ಡುಗಳನ್ನು ಒಡೆದು, ಅಗೆದು, ಮುಚ್ಚಿ ಹೋದ ಮೇಲೆ ಹೊಲ ಮೊದಲಿನಂತೆ ಉಳಿಯುವುದೇ? ಯಂತ್ರ ಬರುವ ಮುನ್ನ ಏನನ್ನು ಬರೆಸಿಕೊಳ್ಳಬೇಕು?

ಉತ್ತರ: ಗದಗ ಕಡೆಯ ರೈತ

ನಮ್ಮ ಹೊಲದಲ್ಲಿ ಕೊಳವೆ ಹಾಕಿ ಕೆಲವು ವರ್ಷಗಳಾದವು. ಗುತ್ತಿಗೆದಾರರ ಹಿಟಾಚಿ ಚಾಲಕ ಮೇಲಿನ ಕರಿ ಮಣ್ಣನ್ನೂ ಕೆಳಗಿನ ಸುಣ್ಣದ ಹರಳು ಬೆರೆತ ಮಣ್ಣನ್ನೂ ಒಂದೇ ಗುಡ್ಡೆಗೆ ಸುರಿದು, ಅದೇ ಗುಡ್ಡೆಯನ್ನು ಮತ್ತೆ ಗುಂಡಿಗೆ ದೂಡಿದ. ಮರುವರ್ಷ ಜೋಳ ಎದೆಯೆತ್ತರ ನಿಂತಾಗ ಕೊಳವೆಯ ಮೇಲಿನ ಪಟ್ಟಿಯಲ್ಲಿ ಮಾತ್ರ ಮೊಣಕಾಲೆತ್ತರದ ಹಳದಿ ಗಿಡಗಳಿದ್ದವು. ಹೊಲದ ನಡುವೆ ಬೈತಲೆ ತೆಗೆದಂತೆ ಕಾಣುತ್ತಿತ್ತು. ಮಳೆಗೆ ಆ ಮಣ್ಣು ಕುಸಿದು ಕಾಲುವೆಯಾಯಿತು, ನೀರು ಅದರಲ್ಲೇ ಹರಿದು ಕೆಳಗಿನ ಒಡ್ಡನ್ನೂ ಒಡೆಯಿತು. ಆದ್ದರಿಂದ ಮುಚ್ಚುವಾಗ ಯಂತ್ರ ಹಾಯಿಸಿ ಮೇಲಿನವರೆಗೂ ಗಟ್ಟಿಯಾಗಿ ತುಳಿಸಿಕೊಳ್ಳಿರಿ.

ಉತ್ತರ: ಧಾರವಾಡದ ನಿವೃತ್ತ ಎಂಜಿನಿಯರ್

ಮೇಲಿನವರ ಅನುಭವ ನಿಜ, ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಕೆಳಮಣ್ಣನ್ನು ಪದರ ಪದರವಾಗಿ ತುಳಿಸಬೇಕು. ಮೇಲಿನ ಒಂದು ಅಡಿ ಮಣ್ಣನ್ನು ತುಳಿಸಿದರೆ ಬೇರು ಇಳಿಯುವುದಿಲ್ಲ. ಈ ಒಂದು ಅಡಿಯನ್ನು ಮೊದಲೇ ಕೆರೆದು ಪಟ್ಟಿಯ ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ಹಾಕಿ, ಮುಚ್ಚುವಾಗ ಮೊದಲು ಕೆಳಮಣ್ಣು, ಅದರ ಮೇಲೆ ಮೇಲ್ಮಣ್ಣು ಬರುವಂತೆ ಹಿಂದಿರುಗಿಸಬೇಕೆಂಬುದು ನಿಮ್ಮ ಮೊದಲ ಬೇಡಿಕೆಯಾಗಲಿ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿ ಇರುವಾಗ ಭಾರದ ಯಂತ್ರ ಓಡಾಡಿದರೆ ಆಗುವ ಗಟ್ಟಿತನವನ್ನು ಹಲವು ಸಲ ಹರಗಿದರೂ ಬಿಡಿಸುವುದು ಕಷ್ಟ. ಕಡಲೆ ಕಿತ್ತ ಮೇಲೆ, ಮುಂಗಾರಿಗೆ ಮುನ್ನ ಕೆಲಸ ಮುಗಿಸುವಂತೆ ಕೇಳಿರಿ.

ಇಳಿಜಾರಿನಲ್ಲಿ ಗುಂಡಿಯೊಳಗೇ ಅಲ್ಲಲ್ಲಿ ಮರಳು ಚೀಲಗಳ ಅಡ್ಡಗೋಡೆ ಇರಿಸದಿದ್ದರೆ ಮಳೆ ನೀರು ಕೊಳವೆಯ ಗುಂಟ ಒಳಗೊಳಗೇ ಹರಿದು ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಮಣ್ಣು ಇಳಿಯುವ ಲೆಕ್ಕಕ್ಕೆ ಮೇಲೆ ಸ್ವಲ್ಪ ದಿಬ್ಬ ಬಿಡುತ್ತಾರೆ. ಆದರೆ ಆ ದಿಬ್ಬವೇ ನೀರಿಗೆ ಅಡ್ಡವಾಗದಂತೆ ನಡುನಡುವೆ ದಾರಿ ಇರಬೇಕು. ಕೊಳವೆಯಲ್ಲಿ ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿದ ಬಳಿಕ ಆ ನೀರನ್ನು ಎಲ್ಲಿ ಬಿಡುತ್ತಾರೆಂಬುದನ್ನೂ ಕೇಳಿರಿ. ತುಕ್ಕು ಬೆರೆತ ಅಷ್ಟು ನೀರು ಒಮ್ಮೆಗೇ ಹೊಲಕ್ಕೆ ನುಗ್ಗಬಾರದು.

ಉತ್ತರ: ಹುಬ್ಬಳ್ಳಿಯ ವಕೀಲೆ

1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆಯಡಿ ಭೂಮಿ ನಿಮ್ಮದಾಗಿಯೇ ಉಳಿಯುತ್ತದೆ, ಅದರಡಿ ಕೊಳವೆ ಹಾಕುವ ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಅಧಿಸೂಚನೆಯ ಪ್ರತಿ ಸಾರ್ವಜನಿಕರಿಗೆ ಸಿಕ್ಕ ದಿನದಿಂದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ (ಈ ಕಾಯ್ದೆಯಡಿ ನೇಮಕವಾದ ಅಧಿಕಾರಿಗೆ) ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಮೇಲ್ಮಣ್ಣು, ಒಡ್ಡುಗಳ ಮಾತನ್ನು ಅದರಲ್ಲೇ ಸೇರಿಸಿರಿ. ಮಾರುಕಟ್ಟೆ ಬೆಲೆಯ ಶೇ. 10ರಷ್ಟು ಬಳಕೆಯ ಹಕ್ಕಿಗೆ ಸಲ್ಲುತ್ತದೆ, ಬೆಳೆ ಮತ್ತು ಮರಗಳ ನಷ್ಟ ಅದಕ್ಕೆ ಪ್ರತ್ಯೇಕ. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಲು ಅವಕಾಶವಿದೆ.

ಮುಂದೆ ಆ ಪಟ್ಟಿಯಲ್ಲಿ ಉಳುಮೆ ಮಾಡಬಹುದು, ಆದರೆ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಕೃಷಿ ಹೊಂಡದ ಯೋಚನೆಯಿದ್ದರೆ ಅದರ ಜಾಗವನ್ನು ಈಗಲೇ ಗುರುತಿಸಿಕೊಳ್ಳಿರಿ. ಇನ್ನೊಂದು ಮಾತು: 2006ರ ಪರಿಸರ ಪರಿಣಾಮ ಅಧಿಸೂಚನೆಯು ಕೊಳವೆ ಮಾರ್ಗಗಳನ್ನು ಮುಖ್ಯವಾಗಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಮತ್ತು ಸೂಕ್ಷ್ಮ ಪ್ರದೇಶಗಳನ್ನು ಹಾಯುವಾಗಲೇ ಪೂರ್ವ ಪರಿಸರ ಅನುಮತಿಗೆ ಒಳಪಡಿಸುತ್ತದೆ. ಅಭಯಾರಣ್ಯವಾದ ಕಪ್ಪತಗುಡ್ಡಕ್ಕೆ ಸಿಗುವ ಆ ರಕ್ಷಣೆ ನಿಮ್ಮ ಕಡಲೆ ಹೊಲಕ್ಕೆ ಸಿಗದು.

ಪ್ರಶ್ನೆ ಕೇಳಿದವರು

ತಮಗೆಲ್ಲ ಕೃತಜ್ಞತೆಗಳು. ಇಂದು ಬೆಳಿಗ್ಗೆ ಬದುವಿನ ಮೂಲೆಯಲ್ಲಿ ಗುಂಡಿ ತೋಡಿ ನೋಡಿದೆ. ನಮ್ಮಲ್ಲಿ ಕರಿ ಮಣ್ಣು ಎರಡೂವರೆ ಅಡಿಯವರೆಗೆ ಇದೆ, ಅದರ ಕೆಳಗೆ ಹರಳು. ಅಳತೆ ಪಟ್ಟಿ ಇಟ್ಟು ಚಿತ್ರ ತೆಗೆದಿದ್ದೇನೆ. ಎಂಜಿನಿಯರ್ ಸಾಹೇಬರು ಹೇಳಿದ ಒಂದು ಅಡಿಯ ಬದಲು ಎರಡೂವರೆ ಅಡಿಯನ್ನೂ ಬೇರೆ ಗುಡ್ಡೆ ಹಾಕಬೇಕೆಂದು ಆಕ್ಷೇಪಣೆಯಲ್ಲಿ ಬರೆಯಬಹುದೇ?

ಧಾರವಾಡದ ನಿವೃತ್ತ ಎಂಜಿನಿಯರ್

ಅವಶ್ಯವಾಗಿ ಬರೆಯಿರಿ. ಗುಡ್ಡೆಗಳಿಗೆ ಹೆಚ್ಚು ಜಾಗ ಬೇಕೆಂದು ಅವರು ಗೊಣಗಬಹುದು. ಒಂದು ಅಡಿ ಬೀಜ ಮೊಳೆಯುವ ಮಣ್ಣನ್ನು ಬೇರೆಯಾಗಿ, ಉಳಿದ ಒಂದೂವರೆ ಅಡಿಯನ್ನು ಹರಳಿಗೆ ತಾಗದಂತೆ ಇಡಿಸಿದರೂ ಸಾಕು. ಚಿತ್ರದ ಜೊತೆಗೆ ಒಡ್ಡುಗಳ ಎತ್ತರವನ್ನೂ ಅಳೆದಿಡಿರಿ.