ಶಿವಮೊಗ್ಗದಿಂದ ಕೂಡ್ಲಿಗೆ ಹೊಳೆ ದಂಡೆ ಹಿಡಿದು ನಡೆಯಬಹುದಾ?

ನಡಿಗೆಹುಚ್ಚ:
ಜನವರಿಯಲ್ಲಿ ಒಂದು ಭಾನುವಾರ ತುಂಗಾ ಸೇತುವೆಯಿಂದ ಹೊರಟು, ವಿದ್ಯಾನಗರದ ಕಡೆಯ ದಂಡೆ ಹಿಡಿದೇ ತುಂಗೆ-ಭದ್ರೆ ಸೇರೋ ಕೂಡ್ಲಿ ತಲುಪಬೇಕು ಅಂತ ಆಸೆ. ರಸ್ತೆಯಲ್ಲಾದರೆ ಸುಮಾರು 16 ಕಿ.ಮೀ. ಮೊಬೈಲ್ ಮ್ಯಾಪಲ್ಲಿ ಹೊಳೆ ಪಕ್ಕ ಒಂದು ಸಣ್ಣ ಗೆರೆ ಕಾಣುತ್ತೆ, ಅರ್ಧದಲ್ಲಿ ಮಾಯ. ಯಾರಾದ್ರೂ ನಡೆದಿದ್ದೀರಾ? ಅಪ್ಪನೂ ಬರ್ತೀನಿ ಅಂತಿದಾರೆ. 61 ವಯಸ್ಸು, ಮಂಡಿನೋವಿದೆ, ಒಪ್ಪಿಕೊಳ್ಳಲ್ಲ.

ಹೊಳೆಬದಿ:
ನಾನು ಎರಡು ಸಲ ಹೊರಟಿದ್ದೆ, ಒಂದು ಸಲ ತಲುಪಿದೆ.

ಮೊದಲನೇ ಸಲ ಆ ಗೆರೆಯನ್ನೇ ನಂಬಿದ್ದೆ. ಅದು ಸೀದಾ ಒಬ್ಬರ ಅಡಿಕೆ ತೋಟದ ಗೇಟಿಗೆ ಹೋಗಿ ನಿಂತಿತು. ಬೇಲಿಗೆ ಐಬೆಕ್ಸ್ ತಂತಿ, ಮುಟ್ಟಿದ್ರೆ ಶಾಕ್ ಹೊಡೆಯೋದು. ಅಡಿಕೆ ಗೊನೆ ಕೊಯ್ಲು ನಡೀತಿತ್ತು. ಯಜಮಾನರು ನನ್ನ ಬ್ಯಾಗು, ಟೋಪಿ ನೋಡಿ "ಸರ್ವೆಯವರಾ?" ಅಂದ್ರು. ಅಲ್ಲ, ಸುಮ್ನೆ ಕೂಡ್ಲಿಗೆ ನಡ್ಕೊಂಡು ಹೋಗ್ತಿದೀನಿ ಅಂದೆ. "ಯಾಕೆ, ಬಸ್ಸಿಲ್ವಾ?" ನನ್ನ ಹತ್ರ ಉತ್ತರ ಇರಲಿಲ್ಲ. ಅಲ್ಲಿಂದ ರಸ್ತೆಗೆ ಬಂದು ಬಸ್ಸೇ ಹತ್ತಿದೆ.

ಎರಡನೇ ಸಲ ಮ್ಯಾಪ್ ಬಿಟ್ಟು ಪಂಪ್‌ಸೆಟ್ ದಾರಿ ಹಿಡಿದೆ. ಮೋಟರ್ ಹಾಕಕ್ಕೆ, ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಸಿಕ್ಕಿದ ಕಸ ತೆಗೆಯಕ್ಕೆ ತೋಟದವರು ದಿನಾ ಓಡಾಡಿ ಸವೆದ ದಾರಿ ಅದು. ಒಂದು ಪಂಪ್ ಮನೆಯಿಂದ ಇನ್ನೊಂದಕ್ಕೆ ಬಹುಪಾಲು ಕೂಡಿಕೊಂಡಿದೆ. ಕೂಡದ ಕಡೆ ದನ ನೀರಿಗಿಳಿಯೋ ಜಾಡು ಇರುತ್ತೆ. ಒಂದೇ ಕಾಟ, ದಾರಿಗೆ ಅಡ್ಡ ಮಲಗಿರೋ ಪೈಪುಗಳು. ಕೆಲವು ಪಾದದೆತ್ತರ, ಕೆಲವು ಸರಿಯಾಗಿ ಮಂಡಿ ಎತ್ತರ. ಜಾಯಿಂಟಿಗೆ ಸೈಕಲ್ ಟ್ಯೂಬು ಸುತ್ತಿರ್ತಾರೆ, ಅಲ್ಲಿಂದ ಸಣ್ಣಗೆ ಪಿಚಕಾರಿ ಹೊಡೆದು ಕೆಳಗೆಲ್ಲ ಪಾಚಿ. ನಾನು ಜಾರಿದ್ದು ಅಲ್ಲೇ. ಪ್ಯಾಂಟು ಹರೀತು, ಮಾನ ಉಳೀತು. ಬೂಟಿನ ಅಡಿ ಸವೆದಿದ್ರೆ ತರಬೇಡಿ. ನಿಮ್ಮಪ್ಪನ ಮಂಡಿಗೆ ಮ್ಯಾಪಿಗಿಂತ ಈ ಪೈಪಿನದೇ ಯೋಚನೆ ಮಾಡಿ.

ಮೊದಲ ಒಂದೆರಡು ಕಿಲೋಮೀಟರ್ ಮೂಗು ಮುಚ್ಕೊಂಡೇ ಹೋಗಿ. ಊರಿನ ಚರಂಡಿ ನೀರು ಹೊಳೆಗೆ ಬೀಳೋದನ್ನ ಹತ್ತಿರದಿಂದ ನೋಡಿದ ಮೇಲೆ "ತುಂಗಾ ಪಾನ, ಗಂಗಾ ಸ್ನಾನ" ಅನ್ನಕ್ಕೆ ಬಾಯಿ ಬರಲ್ಲ. ಕುಡಿಯೋ ನೀರು ಮನೆಯಿಂದಲೇ ಒಯ್ಯಿರಿ. ಬುತ್ತಿ ಬಿಚ್ಚಕ್ಕೆ ಪಿಳ್ಳಂಗೆರೆ ವೆಂಕಟರಮಣ ಗುಡಿ ಚೆನ್ನಾಗಿದೆ.

ಅಡಿಕೆಸಿಪ್ಪೆ:
ಜನವರಿ ಸರಿ. ಮಳೆಗಾಲದಲ್ಲಿ ಮಾತ್ರ ಬೇಡ ಮಾರಾಯ್ರೆ. ತುಂಗೆಯ ಗಾಜನೂರು ಡ್ಯಾಮ್ ಹಿಡಿಯೋದೇ 3.24 ಟಿಎಂಸಿ, ಲಕ್ಕವಳ್ಳಿಯ ಭದ್ರಾ 71.5. ಘಟ್ಟದಲ್ಲಿ ನಾಲ್ಕು ದಿನ ಜೋರು ಹೊಯ್ದರೆ ಗಾಜನೂರು ತುಂಬಿ ಗೇಟ್ ಎತ್ತುತಾರೆ, ಭದ್ರಾ ಇನ್ನೂ ನೀರು ಕೂಡಿಡ್ತಾ ಇರುತ್ತೆ. ಆಗ ಕೂಡ್ಲಿ ಸಂಗಮದಲ್ಲಿ ನಿಂತರೆ ತುಂಗೆ ಕೆಂಪಗೆ ನುಗ್ಗಿ ಬರ್ತಿರುತ್ತೆ, ಭದ್ರೆ ಪಾಪ ಬದಿಗೆ ಸರಿದಿರ್ತಾಳೆ. ಇಬ್ಬರೂ ಹುಟ್ಟೋದು ಒಂದೇ ಗಂಗಾಮೂಲದಲ್ಲಿ! ಶಿವಮೊಗ್ಗದವರ ಅಳತೆಗೋಲು ಗೊತ್ತಲ್ಲ, ಹೊಳೆಯೊಳಗಿನ ಕೋರ್ಪಲಯ್ಯನ ಮಂಟಪ. ಅದು ಮುಳುಗಿದ ದಿನ ದಂಡೆ ಕಡೆ ತಲೆ ಹಾಕಬೇಡಿ.

ಕೂಡ್ಲಿಕಡೆ:
16 ಕಿಲೋಮೀಟರಿಗೆ ಇಷ್ಟು ಚರ್ಚೆಯಾ? 2024ರ ನವೆಂಬರಲ್ಲಿ ನಿರ್ಮಲ ತುಂಗಭದ್ರಾ ಅಂತ ಶೃಂಗೇರಿಯಿಂದ ಗಂಗಾವತಿ ಹತ್ತಿರದ ಕಿಷ್ಕಿಂಧೆಗೇ ಪಾದಯಾತ್ರೆ ಹೊರಟಿದ್ರು.

ಹೊಳೆಬದಿ:
ಅವರಿಗೆ ಯಾರೂ "ಸರ್ವೆಯವರಾ" ಅಂತ ಕೇಳಿರಲ್ಲ ಬಿಡಿ.

ನಡಿಗೆಹುಚ್ಚ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಮಂಡಿ ವಿಷಯ ಊರಿಗೆಲ್ಲ ಯಾಕೆ ಸಾರಿದೆ ಅಂತ ಬೈಸಿಕೊಂಡಿದ್ದಾಯ್ತು. ಪೈಪ್ ದಾಟಕ್ಕೆ ಬೂಟು ಯಾಕೆ, ಬರಿಗಾಲೇ ವಾಸಿ ಅಂತಿದಾರೆ. ಅದು ನಿಜವಾ?

ಹೊಳೆಬದಿ:
ಪಾಚಿ ಮೇಲೆ ನಿಜ. ಆಮೇಲೆ ಜಾಲಿಮುಳ್ಳು ಸಿಗುತ್ತೆ, ಹೇಳಿ.