ಅಪ್‌ಡೇಟ್: ಬಾಡಿಗೆ ಒಂದೇ ಸಲ 22,000ದಿಂದ 30,000 ಮಾಡ್ತೀನಿ ಅಂದಿದ್ದ ಓನರ್ ವಿಷಯ

ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಬಾಡಿಗೆ ಏರಿಕೆಗೆ ಮಿತಿ ಇದೆಯಾ, ಒಪ್ಪದಿದ್ದರೆ ತಿಂಗಳ ಕೊನೆಗೆ ಖಾಲಿ ಮಾಡಿ ಅಂದರೆ ಹೋಗಲೇಬೇಕಾ? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಪರಿಚಯದ ವಕೀಲರೊಬ್ಬರು ಅಗ್ರಿಮೆಂಟ್ ಓದಿದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಗೆ ಮಾತ್ರ, ಅಂದರೆ ನಮ್ಮಂಥ ಬಹುತೇಕರಿಗೆ ಅದರ ರಕ್ಷಣೆಯೇ ಇಲ್ಲ. ಈ ಊರಲ್ಲಿ 3,500ಕ್ಕೆ ಮನೆ ಎಲ್ಲಿ ಸಿಗುತ್ತೆ ಹೇಳಿ! 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಬಾಡಿಗೆ ಏರಿಸಲು ಮೂರು ತಿಂಗಳ ಮುಂಚಿನ ನೋಟಿಸ್, ಎರಡು ತಿಂಗಳ ಡಿಪಾಸಿಟ್ ಮಿತಿ ಎಲ್ಲ ಇದೆ, ಆದರೆ ಅದು ಕೇಂದ್ರ ಕೊಟ್ಟ ಮಾದರಿ ಅಷ್ಟೇ, ರಾಜ್ಯ ಕಾನೂನು ಮಾಡಿದರೆ ಮಾತ್ರ ಲಾಗೂ.

ಹಾಗಾಗಿ ನಮ್ಮನ್ನು ಕಾಪಾಡಿದ್ದು ಅಗ್ರಿಮೆಂಟೇ. ಹನ್ನೊಂದು ತಿಂಗಳು ಮುಗಿಯುವವರೆಗೆ ಏರಿಕೆ ಇಲ್ಲ, ರಿನ್ಯೂವಲ್‌ನಲ್ಲಿ ಶೇ. 5 ಅಂತ ಸ್ಪಷ್ಟವಾಗಿತ್ತು. ಅಗ್ರಿಮೆಂಟ್ ಇಲ್ಲದೆ ತಿಂಗಳ ಬಾಡಿಗೆ ಮೇಲೆ ಇರುವವರಿಗೂ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ಲಿಖಿತ ನೋಟಿಸ್ ಕೊಡಬೇಕು, ಆಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕೇ ಹೊರತು ಸುಮ್ನೆ ಬೀಗ ಹಾಕಿ ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಹಾಗೆ ಮಾಡಿದರೆ ಆರು ತಿಂಗಳೊಳಗೆ ದಾವೆ ಹಾಕಬಹುದು.

ಇದನ್ನೆಲ್ಲ ಜಗಳವಿಲ್ಲದೆ ಓನರ್‌ಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ. "ಆಯ್ತಮ್ಮ, ಅವಧಿ ಮುಗೀಲಿ" ಅಂದರು. ಈಗ ರಿನ್ಯೂವಲ್ 24,000ಕ್ಕೆ ಆಗಿದೆ, ಶೇ. 5ಕ್ಕಿಂತ ಜಾಸ್ತಿಯೇ, ಆದರೆ ಮಗಳ ಸ್ಕೂಲ್ ಹತ್ತಿರ, ಒಪ್ಪಿಕೊಂಡೆವು. ಡಿಪಾಸಿಟ್ ಯಾವಾಗ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯಬಹುದು ಅನ್ನೋದನ್ನೂ ಈ ಸಲ ಬರೆಸಿದ್ದೇವೆ.